ಮೀನು ಹೋದದ್ದು ದಾರದಿಂದಲ್ಲ, ಗಂಟಿನಿಂದ!

"ಡಬ್ಬಿಯ ಮೇಲೆ 30 ಕಿಲೋ ಅಂತ ಬರೆದಿದೆ. 12 ಕಿಲೋ ಅಂಜಲ್ ಎಳೆದದ್ದಕ್ಕೇ ತುಂಡಾಯ್ತಲ್ಲ ಮಾರಾಯ್ರೆ! ಎಂತ ಮಾಲು ಕೊಡ್ತೀರಿ ನೀವು?"

ಮಲ್ಪೆಯಲ್ಲಾಗಲಿ, ಮಂಗಳೂರಿನ ಬಂದರಿನಲ್ಲಾಗಲಿ, ಗಾಳದ ಸಾಮಾನು ಮಾರುವ ಅಂಗಡಿಯ ಕಟ್ಟೆಯಲ್ಲಿ ಈ ಜಗಳ ಹೊಸದಲ್ಲ. ಗಿರಾಕಿಗೆ ಹೋದ ಮೀನಿನ ಸಂಕಟ. ಅಂಗಡಿಯವನಿಗೆ ಹೋಗಲಿರುವ ಹೆಸರಿನ ಸಂಕಟ. ಒಬ್ಬ ದಾರ ನಕಲಿ ಅನ್ನುತ್ತಾನೆ. ಇನ್ನೊಬ್ಬ ಎಳೆಯಲಿಕ್ಕೆ ಗೊತ್ತಿಲ್ಲ ಅನ್ನುತ್ತಾನೆ. ಸುತ್ತ ನಿಂತವರು ಎರಡೂ ಕಡೆಗೆ ತಲೆಯಾಡಿಸುತ್ತಾರೆ.

ಆದರೆ ಈ ವ್ಯಾಜ್ಯದಲ್ಲಿ ಸಾಕ್ಷಿ ಹೇಳುವವನೊಬ್ಬ ಇದ್ದಾನೆ. ಅವನನ್ನು ಯಾರೂ ಕೇಳುವುದಿಲ್ಲ. ಆ ಸಾಕ್ಷಿ ಯಾವುದು? ತುಂಡಾದ ದಾರದ ತುದಿ!

ತುದಿ ಹೇಳುವ ಸತ್ಯ

ತುದಿ ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿದೆಯೇ? ಹಾಗಾದರೆ ಅದು ಹಲ್ಲಿನ ಕೆಲಸ. ಅಂಜಲ್ ಮೀನಿನ ಹಲ್ಲು ಬ್ಲೇಡಿನಂಥದು. ಗಾಳದ ಹತ್ತಿರ ಉಕ್ಕಿನ ತಂತಿ ಕಟ್ಟದೆ ಹೋದವನು ದಾರವನ್ನು ಬೈದು ಫಲವಿಲ್ಲ.

ತುದಿಯಿಂದ ಮೇಲಕ್ಕೆ ಒಂದೆರಡು ಅಡಿ ದಾರವೆಲ್ಲ ಹಳೇ ಟವೆಲಿನಂತೆ ನೂಲು ಎದ್ದಿದೆಯೇ? ಕಲ್ಲಿಗೋ ಬೋಟಿನ ಅಂಚಿಗೋ ಉಜ್ಜಿದೆ ಎಂದರ್ಥ.

ತುದಿ ಗುಂಗುರು ಕೂದಲಿನಂತೆ ಸುರುಳಿಯಾಗಿ ಸುಕ್ಕುಗಟ್ಟಿದೆಯೇ? ಆಗ ದಾರ ತುಂಡೇ ಆಗಿಲ್ಲ. ಗಂಟು ಜಾರಿ ಬಿಚ್ಚಿಕೊಂಡಿದೆ.

ಉಳಿದ ದಾರವೆಲ್ಲ ಹೊಸದರಂತಿದ್ದು, ಗಂಟು ಇದ್ದ ಜಾಗದಲ್ಲೇ ಕುಂಚದಂತೆ ಮೋಟಾಗಿ ಕಿತ್ತಿದ್ದರೆ? ಅಲ್ಲಿಗೆ ಕೇಸು ಮುಗಿಯಿತು. ದಾರದ ತಪ್ಪಲ್ಲ, ಮೀನಿನ ತಪ್ಪೂ ಅಲ್ಲ. ಎರಡು ತುಂಡು ದಾರವನ್ನು ಹೇಗೋ ಒಂದು ಗಂಟು ಹಾಕಿ ಜೋಡಿಸಿದವನ ತಪ್ಪು!

ಇದು ಯಾವ ದಾರ?

ಈ ಜಗಳಕ್ಕೆ ಕಾರಣವಾದ ದಾರ ಹಳೇ ನೈಲಾನ್ ದಾರವಲ್ಲ. ನೈಲಾನ್ ಎಂದರೆ ಒಂದೇ ಎಳೆ, ಗಾಜಿನಂತೆ ಕಾಣುವುದು, ಎಳೆದರೆ ರಬ್ಬರಿನಂತೆ ಹಿಗ್ಗುವುದು. ಇದು ಹೆಣೆದ ದಾರ. ಹೆಂಗಸರ ಜಡೆಯಂತೆ ಕೂದಲಿನಷ್ಟು ತೆಳುವಾದ ಎಳೆಗಳನ್ನು ಗೊಂಚಲು ಗೊಂಚಲಾಗಿ ತೆಗೆದುಕೊಂಡು 4, 8, 12, 16 ಸಾಲುಗಳಲ್ಲಿ ಯಂತ್ರ ಹೆಣೆಯುತ್ತದೆ. ಅಂಗಡಿಗಳಲ್ಲಿ 'ಬ್ರೇಡ್' ಅಂತಲೇ ಕೇಳಿ ಪಡೆಯುತ್ತಾರೆ.

ಎಳೆ ಯಾವುದರದ್ದು ಗೊತ್ತೇ? ಪಾಲಿಥೀನ್! ತರಕಾರಿ ಅಂಗಡಿಯ ಚೀಲ, ಬಚ್ಚಲುಮನೆಯ ಬಕೆಟ್ಟು ಯಾವ ಜಾತಿಯೋ ಇದೂ ಅದೇ ಜಾತಿ. ವ್ಯತ್ಯಾಸ ಇಷ್ಟೇ: ಇದರ ಅಣುಸರಪಳಿಗಳು ಬಹಳ ಬಹಳ ಉದ್ದ. ಅವನ್ನು ದ್ರಾವಣದಲ್ಲಿ ಕರಗಿಸಿ, ಲೋಳೆಯಂತೆ ಮಾಡಿ, ಎಳೆದು ಎಳೆದು ಎಲ್ಲ ಸರಪಳಿಗಳನ್ನೂ ಒಂದೇ ದಿಕ್ಕಿಗೆ ಮಲಗಿಸುತ್ತಾರೆ. ಹಾಲೆಂಡಿನ ಡಿ.ಎಸ್.ಎಂ. ಕಂಪನಿಯ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಎಂಬ ಇಬ್ಬರು ವಿಜ್ಞಾನಿಗಳು 1979ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1990ರಲ್ಲಿ ಹೀರ್ಲೆನ್ ಎಂಬ ಊರಿನ ಕಾರ್ಖಾನೆಯಲ್ಲಿ 'ಡೈನೀಮಾ' ಹೆಸರಿನಿಂದ ದೊಡ್ಡ ಪ್ರಮಾಣದ ತಯಾರಿ ಶುರುವಾಯಿತು. ಅಮೆರಿಕದಲ್ಲಿ ಇದೇ ಜಾತಿಯ ನೂಲಿಗೆ 'ಸ್ಪೆಕ್ಟ್ರಾ' ಅಂತ ಹೆಸರು.

ತೂಕಕ್ಕೆ ತೂಕ ಇಟ್ಟು ನೋಡಿದರೆ ಉಕ್ಕಿನ ತಂತಿಗಿಂತ ಹಲವು ಪಟ್ಟು ಗಟ್ಟಿ. ನೀರಿನಲ್ಲಿ ತೇಲುತ್ತದೆ. ನೀರು ಕುಡಿಯುವುದಿಲ್ಲ, ಕೊಳೆಯುವುದಿಲ್ಲ, ಹಿಗ್ಗುವುದೂ ಬಹಳ ಕಡಿಮೆ. ಇಷ್ಟೆಲ್ಲ ಗುಣ ಇದ್ದರೂ ಎರಡು ದೋಷ ಉಂಟು. ಒಂದು, ಸೋಪು ಹಚ್ಚಿದ ಕೈಯಂತೆ ಜಾರುತ್ತದೆ. ಎರಡು, ಬಿಸಿ ತಡೆಯುವುದಿಲ್ಲ. ನೈಲಾನ್ ಕರಗಲು 200 ಡಿಗ್ರಿ ದಾಟಬೇಕು. ಇದು ಸುಮಾರು 150 ಡಿಗ್ರಿಗೇ ಕರಗಿ ನೀರಾಗುತ್ತದೆ.

ಈ ಎರಡು ದೋಷವೂ ಬಂದು ಸೇರುವ ಜಾಗ ಯಾವುದು? ಗಂಟು!

ನೂರು ವರ್ಷದ ತಲೆನೋವು

ದಾರ ಜೋಡಿಸುವ ತಲೆನೋವು ಇವತ್ತಿನದಲ್ಲ. ದೊಡ್ಡ ಮೀನಿಗೆ ಕೋಲು, ರೀಲು ಹಿಡಿದು ಹೋಗುವ ಹುಚ್ಚು ಶುರುವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಕಡಲ ತೀರದ ಕ್ಯಾಟಲೀನಾ ದ್ವೀಪದಲ್ಲಿ. 1898ರಲ್ಲಿ ಚಾರ್ಲ್ಸ್ ಹೋಲ್ಡರ್ ಎಂಬಾತ ಅಲ್ಲಿ 183 ಪೌಂಡಿನ, ಅಂದರೆ 83 ಕಿಲೋ ತೂಕದ ಟ್ಯೂನಾ ಮೀನನ್ನು ಕೋಲಿನಲ್ಲಿ ಹಿಡಿದ. ಟ್ಯೂನಾ ಅಂದರೆ ಕರಾವಳಿಯವರ ಕೇದರದ ದೊಡ್ಡ ದಾಯಾದಿ. ಅದೇ ವರ್ಷ ಅಲ್ಲಿ ಟ್ಯೂನಾ ಕ್ಲಬ್ ಕೂಡ ಹುಟ್ಟಿತು.

ಆಗಿನ ದಾರ ಅಗಸೆ ನಾರಿನದು, ಲಿನನ್. ಒಂದು ಎಳೆಗೆ 3 ಪೌಂಡ್ ಲೆಕ್ಕ. 24 ಎಳೆಯ ದಾರ ಅಂದರೆ 72 ಪೌಂಡ್. ಪ್ರತಿ ಸಂಜೆ ಬಿಚ್ಚಿ ಒಣಗಿಸದಿದ್ದರೆ ಕೊಳೆತು ಹೋಗುತ್ತಿತ್ತು. 1950ರ ದಶಕದಲ್ಲಿ ಡೆಕ್ರಾನ್ ದಾರ ಬಂತು, ಒಣಗಿಸುವ ಕಷ್ಟ ತಪ್ಪಿತು.

ಮೀನಾದರೋ ದೊಡ್ಡದಾಗುತ್ತಲೇ ಹೋಯಿತು. 1953ರ ಆಗಸ್ಟ್ 4ರಂದು ಪೆರು ದೇಶದ ಕಾಬೋ ಬ್ಲಾಂಕೋದಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ ಕಪ್ಪು ಮಾರ್ಲಿನ್ 1,560 ಪೌಂಡ್, ಅಂದರೆ 707 ಕಿಲೋ ತೂಗಿತು! ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ಇಂಥ ಮೀನು ಗಾಳ ಕಚ್ಚಿದರೆ ಮೊದಲು ಮಾಡುವುದು ಓಟ. 200 ಮೀಟರ್, 300 ಮೀಟರ್ ಒಂದೇ ಉಸಿರಿಗೆ. ಹಾಗಾಗಿ ರೀಲಿನಲ್ಲಿ ಐನೂರು, ಸಾವಿರ ಮೀಟರ್ ದಾರ ಇರಲೇಬೇಕು. ಅಷ್ಟುದ್ದ ದಾರವನ್ನು ಪ್ರತಿ ವರ್ಷ ಪೂರ್ತಿ ಬದಲಿಸುವುದು ಯಾರಿಂದ ಸಾಧ್ಯ? ಸಾವಿರಗಟ್ಟಲೆ ರೂಪಾಯಿಯ ಬಾಬ್ತು. ನಿಜ ಹೇಳಬೇಕೆಂದರೆ ಸವೆಯುವುದು ಮುಂದಿನ 50-100 ಮೀಟರ್ ಮಾತ್ರ. ಒಳಗಿನದ್ದು ಬಿಸಿಲನ್ನೇ ಕಂಡಿರುವುದಿಲ್ಲ. ಅಷ್ಟನ್ನು ಕತ್ತರಿಸಿ ಹೊಸ ತುಂಡು ಜೋಡಿಸಿದರೆ ಆಯ್ತು.

ಜೋಡಿಸಿದರೆ ಆಯ್ತು ಅನ್ನುವುದು ಸುಲಭ. ಹೇಗೆ ಜೋಡಿಸುವುದು?

ಗಂಟು ಯಾಕೆ ಕೈಕೊಡುತ್ತದೆ?

ಗಂಟಿನಲ್ಲಿ ದಾರ ತನ್ನ ಮೇಲೆ ತಾನೇ ಬಗ್ಗುತ್ತದೆ. ಬಗ್ಗಿದ ಕಡೆ ಹೊರಬದಿಯ ಎಳೆಗಳಿಗೆ ಮಾತ್ರ ಭಾರ, ಒಳಬದಿಯವು ಸುಮ್ಮನೆ ನಿಂತಿರುತ್ತವೆ. ಹತ್ತು ಮಂದಿ ಎಳೆಯಬೇಕಾದ ಹಗ್ಗವನ್ನು ನಾಲ್ಕು ಮಂದಿ ಎಳೆದು ಆರು ಮಂದಿ ಬೀಡಿ ಸೇದಿದಂತೆ! ಸಾದಾ ಗಂಟು ಹಾಕಿದರೆ ಈ ನುಣುಪು ದಾರದ ಬಲ ಅರ್ಧದ ಹತ್ತಿರಕ್ಕೆ ಇಳಿದುಬಿಡುತ್ತದೆ. ಡಬ್ಬಿಯ ಮೇಲಿನ 30 ಕಿಲೋ ಅಲ್ಲಿಗೆ 15 ಕಿಲೋ ಆಯಿತು.

ಇನ್ನೊಂದು ವಿಷಯ. ಗಂಟನ್ನು ಒಣಗಿರುವಾಗಲೇ ಜೋರಾಗಿ ಎಳೆದು ಬಿಗಿದರೆ ಉಜ್ಜಾಟದ ಬಿಸಿಗೆ ಎಳೆಗಳು ಅಲ್ಲೇ ಸುಟ್ಟು ಕೂರುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿಯೇ ತಿಳಿದವರು ಬಿಗಿಯುವ ಮೊದಲು ಗಂಟನ್ನು ನೀರಿನಲ್ಲೋ ಎಂಜಲಿನಲ್ಲೋ ಒದ್ದೆ ಮಾಡುತ್ತಾರೆ. ಮೆಲ್ಲಗೆ, ಒಂದೇ ಸಮನೆ ಎಳೆಯುತ್ತಾರೆ.

"12 ಕಿಲೋ ಮೀನಿಗೆ 15 ಕಿಲೋ ದಾರ ಸಾಲದೇ?" ಅಂತ ಕೇಳಬಹುದು. ಸಾಲದು! ಮೀನಿನ ತೂಕ ಬೇರೆ, ಎಳೆತ ಬೇರೆ. ಅನುಭವಿಗಳು ರೀಲಿನ ಬ್ರೇಕನ್ನು ದಾರದ ಬಲದ ಮೂರನೇ ಒಂದು ಭಾಗಕ್ಕೋ ಅದಕ್ಕಿಂತ ಕಡಿಮೆಗೋ ಇಡುತ್ತಾರೆ. ದಾರ ಖಾಲಿಯಾದಂತೆ ರೀಲಿನ ಸುರುಳಿ ಸಣ್ಣದಾಗುತ್ತದಲ್ಲ? ಸುರುಳಿಯ ಅಡ್ಡಳತೆ ಅರ್ಧಕ್ಕಿಳಿದರೆ, ಬ್ರೇಕು ಮುಟ್ಟದಿದ್ದರೂ ಎಳೆತ ದುಪ್ಪಟ್ಟಾಗುತ್ತದೆ. ಜೊತೆಗೆ ನೀರಿನಲ್ಲಿ ಬಿದ್ದಿರುವ ನೂರಾರು ಮೀಟರ್ ದಾರದ ಎಳೆತ. ಅದರ ಮೇಲೆ ಮೀನು ತಲೆ ಕೊಡವಿದಾಗಿನ ಜಗ್ಗು. ನೈಲಾನ್ ಆದರೆ ಹಿಗ್ಗಿ ಆ ಜಗ್ಗನ್ನು ನುಂಗಿಕೊಳ್ಳುತ್ತಿತ್ತು. ಬ್ರೇಡ್ ನುಂಗುವುದಿಲ್ಲ, ಪೂರ್ತಿಯನ್ನೂ ಗಂಟಿನ ತಲೆಗೆ ಕಟ್ಟುತ್ತದೆ.

ಸಾಲದ್ದಕ್ಕೆ ಗಂಟು ಉಬ್ಬಿಕೊಂಡಿರುತ್ತದೆ. ಮೀನು ಓಡುವಾಗ ಕೋಲಿನ ಬಳೆಗಳ ಮೂಲಕ ಟಪಟಪ ಬಡಿಯುತ್ತ ಹೋಗುತ್ತದೆ. ಒಮ್ಮೆ ಸಿಕ್ಕಿಹಾಕಿಕೊಂಡರೆ ಕಥೆ ಮುಗಿಯಿತು.

ಲಂಗದ ಲಾಡಿಯ ಉಪಾಯ

ಇದಕ್ಕೆ ದೊಡ್ಡ ಮೀನು ಹಿಡಿಯುವವರು ಕಂಡುಕೊಂಡ ಮದ್ದು ಒಂದಿದೆ. ಗಂಟೇ ಹಾಕಬೇಡ! ಒಂದು ದಾರವನ್ನು ಇನ್ನೊಂದರ ಹೊಟ್ಟೆಯೊಳಗೆ ನುಗ್ಗಿಸಿಬಿಡು!

ತಮಾಷೆಯಲ್ಲ. ಬ್ರೇಡಿನಲ್ಲಿ ಒಂದು ಜಾತಿ ಪೊಳ್ಳು ಜಾತಿ. 12 ಅಥವಾ 16 ಸಾಲಿನಲ್ಲಿ ಹೆಣೆದ ಕೊಳವೆ, ಒಳಗೆ ಏನೂ ಇಲ್ಲ. ಲಂಗಕ್ಕೆ ಲಾಡಿ ಪೋಣಿಸುವಾಗ ಹೆಂಗಸರು ಸೇಫ್ಟಿ ಪಿನ್ನು ಚುಚ್ಚಿ ಮಡಿಕೆಯೊಳಗೆ ತಳ್ಳುತ್ತ ಹೋಗುವುದಿಲ್ಲವೇ? ಅದೇ ಉಪಾಯ. ಇಲ್ಲಿ ಪಿನ್ನಿನ ಬದಲು ಕೂದಲಿನಂಥ ತಂತಿಯನ್ನು ಮಡಚಿ ಮಾಡಿದ ಉದ್ದ ಸೂಜಿ. ಡೆಕ್ರಾನ್ ಕಾಲದಲ್ಲೇ ಇದು ರೂಢಿಯಲ್ಲಿತ್ತು. ಪೊಳ್ಳು ಸ್ಪೆಕ್ಟ್ರಾ ಬಂದ ಮೇಲೆ, ಸ್ಯಾನ್ ಡಿಯಾಗೋದಿಂದ ಹತ್ತಾರು ದಿನದ ಮಟ್ಟಿಗೆ ಟ್ಯೂನಾ ಹುಡುಕಿಕೊಂಡು ಹೋಗುವ ಬೋಟುಗಳಲ್ಲಿ ಇದು ದಿನನಿತ್ಯದ ಕಸುಬಾಯಿತು.

ಕ್ರಮ ಹೀಗೆ: ಎರಡು ದಾರವೂ ಒಂದೇ ದಪ್ಪದ್ದಾಗಿರಬೇಕು. ಎರಡರ ತುದಿಯಿಂದಲೂ 4 ಅಡಿ ಅಳೆದು ಗುರುತು ಹಾಕಬೇಕು. ತುದಿಯನ್ನು ಓರೆಯಾಗಿ ಕತ್ತರಿಸಿ, ಕೆಲವು ಎಳೆ ಕಿತ್ತು ಇಲಿಬಾಲದಂತೆ ಸಪೂರ ಮಾಡಬೇಕು. ಆಮೇಲೆ ಒಂದು ದಾರದಲ್ಲಿ ಗುರುತಿನಿಂದ ಇನ್ನೂ 4 ಅಡಿ ಆಚೆ ಸೂಜಿ ಚುಚ್ಚಿ, ಕೊಳವೆಯೊಳಗೇ ಗುರುತಿನ ತನಕ ತಂದು ಹೊರಗೆ ತೆಗೆಯಬೇಕು. ಅಲ್ಲಿ ಎರಡನೇ ದಾರದ ತುದಿಯನ್ನು ಸೂಜಿಯ ಬಾಯಿಗೆ ಕೊಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದರೆ ಆ ತುದಿ ಇದರ ಹೊಟ್ಟೆಯೊಳಗೆ ಸೇರಿತು. ಇದೇ ರೀತಿ ಇದರ ತುದಿಯನ್ನು ಅದರ ಹೊಟ್ಟೆಗೆ. ಎರಡು ಗುರುತುಗಳೂ ಒಂದಕ್ಕೊಂದು ಮುಟ್ಟುವ ತನಕ ಎಳೆದು, ಮಧ್ಯದಿಂದ ಹೊರಕ್ಕೆ ಹಸುವಿನ ಕೆಚ್ಚಲು ಹಿಂಡಿದಂತೆ ಸವರಿದರೆ ತುದಿಗಳು ಮಾಯ! ಕೈಯಲ್ಲಿ ಮುಟ್ಟಿದರೆ ಸ್ವಲ್ಪ ದಪ್ಪ, ಅಷ್ಟೇ. ಗಂಟಿಲ್ಲ, ಉಬ್ಬಿಲ್ಲ.

4 ಅಡಿ ಅನ್ನುವುದು ಶಾಸ್ತ್ರವಾಕ್ಯವಲ್ಲ. 3 ಅಡಿ ಸಾಕು ಅನ್ನುವವರೂ ಇದ್ದಾರೆ, 6 ಅಡಿ ಬೇಕು ಅನ್ನುವವರೂ ಇದ್ದಾರೆ.

ಗಂಟಿಲ್ಲದೆ ಹೇಗೆ ನಿಲ್ಲುತ್ತದೆ? ಜಾತ್ರೆಯಲ್ಲಿ ಮಕ್ಕಳಿಗೆ ಮಾರುವ ಓಲೆಯ ಕೊಳವೆ ಕಂಡವರಿಗೆ ಇದು ಗೊತ್ತು. ಎರಡೂ ಕಡೆಯಿಂದ ಬೆರಳು ತೂರಿಸಿ ಎಳೆದರೆ ಕೊಳವೆ ಬಿಗಿಯುತ್ತದೆ. ಜೋರಾಗಿ ಎಳೆದಷ್ಟೂ ಬಿಗಿ. ಇಲ್ಲಿಯೂ ಹಾಗೇ. ಮೀನು ಎಳೆದಷ್ಟೂ ಹೊರಗಿನ ಜಡೆ ಸಪೂರವಾಗಿ ಒಳಗಿನದ್ದನ್ನು ಹಿಸುಕಿ ಹಿಡಿಯುತ್ತದೆ. ದಾರ ಎಲ್ಲೂ ಬಗ್ಗದೇ ಇರುವುದರಿಂದ ಬಲ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ.

ಆದರೆ ಇಲ್ಲೊಂದು ಕೊಕ್ಕೆ ಉಂಟು. ಎಳೆದಾಗ ಬಿಗಿಯುವುದು ಸಡಿಲ ಬಿಟ್ಟಾಗ ಜಾರುತ್ತದೆ. ಮಗುವಿನ ಬೆರಳೂ ಹಾಗೇ ತಾನೇ ಬಿಡಿಸಿಕೊಳ್ಳುವುದು! ರೀಲಿನಲ್ಲಿ ಸುಮ್ಮನೆ ಸುತ್ತಿಟ್ಟ ಜೋಡಣೆ ತಿಂಗಳು ಕಳೆದಂತೆ ಮೆಲ್ಲ ಮೆಲ್ಲನೆ ಹೊರಗೆ ಬಂದೀತು. ಅದಕ್ಕಾಗಿ ತುದಿಗಳ ಮೇಲೆ ತೆಳು ನೂಲಿನಿಂದ ನಾಲ್ಕು ಹೊಲಿಗೆ ಹಾಕಿ ಇಲ್ಲವೇ ಬಿಗಿಯಾಗಿ ಸುತ್ತಿ, ಬಗ್ಗುವ ಜಾತಿಯ ಅಂಟು ಒಂದು ಹನಿ ಸವರುತ್ತಾರೆ. ಹೊಲಿಗೆಯ ಕೆಲಸ ಮೀನು ತಡೆಯುವುದಲ್ಲ, ಮೀನು ಇಲ್ಲದಾಗ ಜೋಡಣೆಯನ್ನು ಕಾಯುವುದು.

ಪೊಳ್ಳಲ್ಲದ ದಾರಕ್ಕೆ?

ಕರಾವಳಿಯ ಅಂಗಡಿಗಳಲ್ಲಿ ಹೆಚ್ಚಾಗಿ ಹೋಗುವುದು 4 ಮತ್ತು 8 ಸಾಲಿನ ಗಟ್ಟಿ ಜಡೆ. ಅದರೊಳಗೆ ಸೂಜಿ ಹೋಗದು. ಆಗ ಗಂಟೇ ಗತಿ. ಆದರೆ ಯಾವ ಗಂಟು ಅನ್ನುವುದು ಮುಖ್ಯ.

ದೊಡ್ಡ ಮೀನಿನವರ ನಂಬಿಕೆ 'ಬಿಮಿನಿ ಟ್ವಿಸ್ಟ್' ಮೇಲೆ. ಹೆಸರು ಬಹಾಮಾ ದೇಶದ ಬಿಮಿನಿ ದ್ವೀಪದ್ದು. ದಾರವನ್ನು ಎರಡು ಪಟ್ಟು ಮಡಚಿ, ನೈಲಾನಿಗೆ 20 ಸುತ್ತು ಸಾಕಾದರೆ ಬ್ರೇಡಿಗೆ ಅದರ ಎರಡು ಮೂರು ಪಟ್ಟು ಸುತ್ತು ತಿರುಚಿ, ಕೊನೆಗೆ ಒಂದು ಕುಣಿಕೆ ಉಳಿಸುತ್ತಾರೆ. ಭಾರ ಒಂದೇ ಕಡೆ ಬೀಳದೆ ಆ ಸುತ್ತುಗಳ ಮೇಲೆ ಹಂಚಿಹೋಗುತ್ತದೆ. ಎರಡು ದಾರಕ್ಕೂ ಹೀಗೆ ಕುಣಿಕೆ ಮಾಡಿ ಕುಣಿಕೆಗೆ ಕುಣಿಕೆ ಸಿಕ್ಕಿಸುತ್ತಾರೆ. ಸಿಕ್ಕಿಸುವಾಗ ಒಂದೇ ಸಲ ದಾಟಿಸಿದರೆ ಒಂದು ದಾರ ಇನ್ನೊಂದನ್ನು ಗರಗಸದಂತೆ ಕೊಯ್ಯುತ್ತದೆ. ಐದಾರು ಸಲ ದಾಟಿಸಿದರೆ ಚಾಪೆಯಂತೆ ಹರಡಿ ಕೂರುತ್ತದೆ.

ಇಷ್ಟು ಮಾಡಲು ತಾಳ್ಮೆ ಇಲ್ಲದವನು ಸಾದಾ ಗಂಟನ್ನಾದರೂ ಸುತ್ತು ಹೆಚ್ಚು ಹಾಕಿ, ಒದ್ದೆ ಮಾಡಿ ಬಿಗಿಯಲಿ. ನೈಲಾನಿಗೆ 4 ಸುತ್ತು ಹಾಕುತ್ತಿದ್ದವನು ಇದಕ್ಕೆ 8 ಹಾಕಲಿ. ಮತ್ತು ಬ್ರೇಡನ್ನು ಬರಿಗೈಗೆ ಸುತ್ತಿಕೊಂಡು ಎಳೆಯುವ ಸಾಹಸ ಯಾರಿಗೂ ಬೇಡ. ಮೀನು ಎಳೆದರೆ ಬೆರಳು ಉಳಿಯದು.

ಕಡಲಾಚೆ ಈ ಜೋಡಣೆಗೂ ಕಾನೂನಿತ್ತು. ದೊಡ್ಡ ಮೀನಿನ ದಾಖಲೆ ಇಡಲು 1939ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ, ಐ.ಜಿ.ಎಫ್.ಎ., ಒಂದು ಕಾಲದಲ್ಲಿ ಹೇಳುತ್ತಿದ್ದುದೇನೆಂದರೆ, ಹಿಂದೆ ಬೇರೆ ದಾರ ಜೋಡಿಸಿದ್ದರೆ ಎರಡರಲ್ಲಿ ಹೆಚ್ಚು ಗಟ್ಟಿಯಾದ ದಾರದ ವರ್ಗದಲ್ಲೇ ಮೀನನ್ನು ಲೆಕ್ಕ ಹಿಡಿಯಬೇಕು. ಸಣ್ಣ ದಾರ ತೋರಿಸಿ ದೊಡ್ಡ ಹೆಸರು ಗಳಿಸುವಂತಿರಲಿಲ್ಲ!

ಕರಾವಳಿಗೆ ಹೊಸತೇ?

ಹಾಗೆ ನೋಡಿದರೆ ಜೋಡಿಸುವ ವಿದ್ಯೆ ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಲಂಗರಿನ ಹಗ್ಗಕ್ಕೆ ಗಂಟು ಹಾಕುವ ತಂಡೇಲ ಎಲ್ಲಿದ್ದಾನೆ? ಹುರಿ ಬಿಚ್ಚಿ, ಎಳೆಗೆ ಎಳೆ ಹೆಣೆದು ಒಂದೇ ಹಗ್ಗ ಮಾಡುತ್ತಾರೆ. ಹಿಂದಿನ ರಂಪಣಿ ಬಲೆಯೂ ಹಾಗೇ ಅಲ್ಲವೇ? ತುಂಡು ತುಂಡು ಬಲೆಗಳನ್ನು ಜೋಡಿಸಿ, ಊರಿಗೆ ಊರೇ ನಿಂತು ಎಳೆಯುವ ಮಹಾಬಲೆ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಮರೆಗೆ ಸರಿಯಿತು. ಆದರೆ ಜೋಡಣೆ ಬಿಟ್ಟುಹೋದರೆ ಮೀನೆಲ್ಲ ಹೋದಂತೆ ಅನ್ನುವುದು ಆ ಬಲೆ ಎಳೆದವರಿಗೆಲ್ಲ ಗೊತ್ತಿತ್ತು.

ಹಗ್ಗಕ್ಕೆ ತೋರಿಸುವ ಆ ಗೌರವವನ್ನು ದಾರಕ್ಕೆ ತೋರಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ದಾರ ತೆಳು, ಕತ್ತಲಲ್ಲಿ ಕಟ್ಟುವುದು, ಅವಸರದಲ್ಲಿ ಕಟ್ಟುವುದು.

ಅವಸರದ ಬೆಲೆ ಎಷ್ಟು? ಅಂಜಲ್‌ನ ರೇಟು ಪೇಟೆಗೆ ಹೋಗುವವರಿಗೆಲ್ಲ ಗೊತ್ತು. ಸಣ್ಣ ದೋಣಿಯಲ್ಲಿ ಗಾಳ ಹಾಕುವವನಿಗೆ ಒಂದು ದೊಡ್ಡ ಮೀನು ಅಂದರೆ ಆ ದಿನದ ಎಣ್ಣೆ ಖರ್ಚು ಕಳೆದು ಮನೆಗೆ ಕೊಂಡೊಯ್ಯುವ ಅಕ್ಕಿ. ಮೀನಿನ ಕಡೆಯಿಂದ ನೋಡಿದರೆ ಇನ್ನೂ ಕಷ್ಟ. ಬಾಯಲ್ಲಿ ಗಾಳ, ಹಿಂದೆ ನೂರು ಮೀಟರ್ ದಾರ. ಅದು ಕೊಳೆಯುವ ದಾರವೂ ಅಲ್ಲ. ಕಲ್ಲಿಗೆ ಸುತ್ತಿಕೊಂಡರೆ ಮೀನು ಯಾರ ಹೊಟ್ಟೆಗೂ ಆಗದೆ ಸಾಯುತ್ತದೆ.

ಎರಡು ಮಾತು ಸಾಕು

ಅಂಗಡಿಯವರು ದಾರ ಕೊಡುವಾಗ ಎರಡು ಮಾತು ಹೇಳಿದರೆ ಅರ್ಧ ಜಗಳ ನಿಲ್ಲುತ್ತದೆ.

ಮೊದಲನೆಯದು: ಬ್ರೇಡ್ ಬರುವುದು 100 ಮೀಟರಿನ ಸುರುಳಿಗಳಲ್ಲಾದರೂ ಹಲವು ಕಂಪನಿಗಳ ಮಾಲಿನಲ್ಲಿ ಒಂದು ಸುರುಳಿಯಿಂದ ಮುಂದಿನದಕ್ಕೆ ದಾರ ಕಡಿಯದೆ ಸಾಗಿರುತ್ತದೆ. 300 ಮೀಟರ್ ಬೇಕಾದವನಿಗೆ ಸಾಲಾಗಿ ಇರುವ ಮೂರು ಸುರುಳಿ ಒಂದೇ ತುಂಡಾಗಿ ಕೊಡಬಹುದು. ಅವಸರದಲ್ಲಿ ನಡುವೆ ಕತ್ತರಿ ಹಾಕಿದರೆ ಇಲ್ಲದ ಗಂಟನ್ನು ಅಂಗಡಿಯಲ್ಲೇ ಮಾರಿದಂತಾಯಿತು.

ಎರಡನೆಯದು: "ಜೋಡಿಸುವಾಗ ಒದ್ದೆ ಮಾಡಿ ಬಿಗಿಯಿರಿ, ಜೋಡಿಸಿದ ಮೇಲೆ ಕೈಗವಸು ಹಾಕಿ ದಡದಲ್ಲೇ ಎಳೆದು ನೋಡಿ." ಹೇಳಲು ಅರ್ಧ ನಿಮಿಷ ಸಾಕು.

ಗಿರಾಕಿಗೂ ಒಂದು ಮಾತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ. ಬಲೆ ಹೆಣೆಯುವುದು, ಹಗ್ಗ ಜೋಡಿಸುವುದು ಎಲ್ಲವೂ ಆ ಮಳೆಗಾಲದ ಕೆಲಸ. ಜಗಲಿಯಲ್ಲಿ ಕೂತು ಹಳೇ ಗಾಳದ ದಾರವನ್ನೂ ಬಿಚ್ಚಿ ನೋಡಲಿ. ಸವೆದದ್ದು ಕತ್ತರಿಸಲಿ, ಹಗಲು ಬೆಳಕಿನಲ್ಲಿ ಜೋಡಿಸಲಿ. ಕತ್ತರಿಸಿದ ತುಂಡನ್ನು ಕಡಲಿಗೆ ಎಸೆಯದಿರಲಿ.

ಇಷ್ಟಾದ ಮೇಲೂ ಮೀನು ಹೋದರೆ? ಹೋಗಲಿ, ಅದೂ ಬದುಕಬೇಕಲ್ಲ. ಆದರೆ ಅಂಗಡಿಗೆ ಜಗಳಕ್ಕೆ ಬರುವ ಮೊದಲು ದಾರದ ತುದಿಯನ್ನೊಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. 30 ಕಿಲೋ ಅನ್ನುವುದು ಡಬ್ಬಿಯ ಮಾತು. ಮೀನು ಡಬ್ಬಿ ಓದುವುದಿಲ್ಲ, ಗಂಟು ಎಳೆದು ನೋಡುತ್ತದೆ!